ಸೆರೆಯಿಂದ ಮರಳಿದ ಕಥೆಗಾರ: ಸ್ಲಿಕ್ ರಿಕ್‌ನ ರ‍್ಯಾಪ್ ಕಥನ

ಸೆರೆಮನೆಯಿಂದ ಹೊರಬಂದ ಕಲಾವಿದನ ಮೊದಲ ಕೃತಿಯನ್ನು ವಿಮರ್ಶೆಯು ಸಾಮಾನ್ಯವಾಗಿ ಒಂದು ಹೇಳಿಕೆಯನ್ನು ಓದುವಂತೆ ಓದುತ್ತದೆ. ಅದರಲ್ಲಿ ಪಶ್ಚಾತ್ತಾಪ ಎಷ್ಟಿದೆ, ಸೆರೆಯ ಅನುಭವ ಎಷ್ಟು ದಟ್ಟವಾಗಿದೆ, ಹಾಡುವವನು ನಿಜಕ್ಕೂ ಬದಲಾಗಿ ಬಂದಿದ್ದಾನೆಯೇ ಎಂಬ ಪ್ರಶ್ನೆಗಳು ಮುಂದೆ ನಿಲ್ಲುತ್ತವೆ. ಹಾಡಿನ ಬಂಧ, ಲಯ, ನಿರೂಪಣೆಗಳ ಪ್ರಶ್ನೆಗಳು ಹಿಂದೆ ಸರಿಯುತ್ತವೆ. ಅಮೆರಿಕದ ಕಪ್ಪು ಜನರ ರ‍್ಯಾಪ್ ಸಂಗೀತದ ವಿಷಯದಲ್ಲಂತೂ ಈ ರೂಢಿ ಬಹುಮಟ್ಟಿಗೆ ನಿಯಮವೇ ಆಗಿದೆ. ಪ್ರಸ್ತುತ ಲೇಖನದಲ್ಲಿ ನಾವು ಸ್ಲಿಕ್ ರಿಕ್ ಎಂಬ ಹೆಸರಿನಿಂದ ಪ್ರಸಿದ್ಧನಾದ ರ‍್ಯಾಪ್ ಗಾಯಕನ ಕೃತಿಗಳನ್ನು ಆಧರಿಸಿ ಈ ರೂಢಿಯನ್ನು ಪ್ರಶ್ನಿಸಬಯಸುತ್ತೇವೆ. ಅವನ ಪುನರಾಗಮನದ ಮಹತ್ವವಿರುವುದು ಸೆರೆಯ ಅನುಭವವನ್ನು ಹಾಡಿದ್ದರಲ್ಲಿ ಅಲ್ಲ. ಹಾಡುವ ವ್ಯಕ್ತಿಗೂ ಹಾಡಿನೊಳಗೆ ಮಾತನಾಡುವ ವ್ಯಕ್ತಿಗೂ ನಡುವೆ ಇರಬೇಕಾದ ಅಂತರವನ್ನು ನ್ಯಾಯಾಲಯ, ಸೆರೆಮನೆ ಮತ್ತು ಮಾರುಕಟ್ಟೆಗಳು ಅಳಿಸಿದ ಮೇಲೆ ಅವನು ಅದನ್ನು ಮತ್ತೆ ಕಟ್ಟಿಕೊಂಡ. ನಮ್ಮ ವಾದ ಇಷ್ಟೇ.

ಕನ್ನಡ ಸಂಶೋಧನೆಯ ಪುಟಗಳಲ್ಲಿ ಈ ವಿಷಯವೇಕೆ ಎಂದು ಕೇಳುವವರಿರಬಹುದು. ಹೊರನಾಡಿನ ನಮ್ಮ ಓದುಗರಿಗೆ, ವಿಶೇಷವಾಗಿ ಮುಂಬಯಿಯವರಿಗೆ, ರ‍್ಯಾಪ್ ದೂರದ ಸಂಗತಿಯಾಗಿ ಉಳಿದಿಲ್ಲ. ಧಾರಾವಿಯ ಹಿನ್ನೆಲೆಯ ‘ಗಲ್ಲಿ ಬಾಯ್’ ಚಲನಚಿತ್ರ 2019ರಲ್ಲಿ ತೆರೆಗೆ ಬಂದ ಮೇಲೆ ಅದು ಮಧ್ಯಮವರ್ಗದ ಮನೆಗಳಿಗೂ ತಲುಪಿತು. ಕನ್ನಡದಲ್ಲಿಯೂ ರ‍್ಯಾಪ್ ಬರೆದು ಹಾಡುವವರ ಒಂದು ತಲೆಮಾರೇ ಬೆಳೆದಿದೆ. ಆದರೆ ನಮ್ಮ ಆಸಕ್ತಿಗೆ ಇನ್ನೂ ಹತ್ತಿರದ ಕಾರಣವೊಂದುಂಟು. ಕವಿ ಯಾರು, ಅವನ ಕೃತಿಯಲ್ಲಿ ಮಾತನಾಡುವವನು ಯಾರು ಎಂಬ ಪ್ರಶ್ನೆಯನ್ನು ನಮ್ಮ ಕಾವ್ಯಮೀಮಾಂಸೆ ಬಹು ಹಿಂದೆಯೇ ಎತ್ತಿದೆ. ಆ ಪರಿಕರ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಮೊದಲು ಆ ರೂಢಿಯ ಹಿನ್ನೆಲೆಯನ್ನು ನೋಡಬೇಕು. ರ‍್ಯಾಪ್ ಹುಟ್ಟುವುದಕ್ಕೆ ನಾಲ್ಕು ದಶಕ ಮೊದಲು, 1934ರಲ್ಲಿ, ಲೂಯಿಸಿಯಾನಾದ ಅಂಗೋಲಾ ಸೆರೆಮನೆಯಿಂದ ಲೆಡ್‌ಬೆಲಿ ಎಂಬ ಜನಪದ ಗಾಯಕ ಬಿಡುಗಡೆಯಾದ. ಜಾನಪದ ಸಂಗ್ರಾಹಕ ಜಾನ್ ಲೋಮ್ಯಾಕ್ಸ್ ಮತ್ತು ಅವನ ಮಗ ಅಲನ್ ಹಿಂದಿನ ವರ್ಷವೇ ಸೆರೆಮನೆಗೆ ಹೋಗಿ ಅವನ ಹಾಡುಗಳನ್ನು ಮುದ್ರಿಸಿಕೊಂಡಿದ್ದರು. ಬಿಡುಗಡೆ ದೊರೆತದ್ದು ಸನ್ನಡತೆಯ ರಿಯಾಯಿತಿಯಿಂದ. ಆದರೆ ರಾಜ್ಯಪಾಲನಿಗೆ ಹಾಡು ಕೇಳಿಸಿ ಕ್ಷಮೆ ಗಳಿಸಿದ ಗಾಯಕ ಎಂಬ ಕಥೆಯೇ ಜನಪ್ರಿಯವಾಯಿತು. 1935ರ ‘ಮಾರ್ಚ್ ಆಫ್ ಟೈಮ್’ ಸುದ್ದಿಚಿತ್ರದಲ್ಲಿ ಅವನಿಗೆ ಮತ್ತೆ ಕೈದಿಯ ಉಡುಪು ತೊಡಿಸಿ ಆ ಕಥೆಯನ್ನು ಅಭಿನಯಿಸಲಾಯಿತು. ಸೆರೆಯಿಂದ ಹೊರಬಂದವನು ಪ್ರೇಕ್ಷಕರಿಗಾಗಿ ಮತ್ತೊಮ್ಮೆ ಕೈದಿಯಾಗಬೇಕಾಯಿತು ಎಂಬ ಈ ಸಂಗತಿಯಲ್ಲಿ ಮುಂದಿನ ಎಂಬತ್ತು ವರ್ಷಗಳ ಚರಿತ್ರೆಯ ಬೀಜವಿದೆ ಎಂದು ನಮಗನ್ನಿಸುತ್ತದೆ. ಜಾನಪದ ಸಂಗ್ರಹಕಾರ್ಯದಲ್ಲಿ ತೊಡಗಿರುವ ನಮ್ಮ ಸಂಶೋಧಕರು ಈ ಪ್ರಸಂಗವನ್ನು ಬೇರೆ ಕಾರಣಕ್ಕೂ ಗಮನಿಸಬೇಕು. ಅದು ಇನ್ನೊಂದು ಲೇಖನದ ವಿಷಯ.

ರ‍್ಯಾಪ್‌ನ ಕಾಲಕ್ಕೆ ಬಂದರೆ ಸೆರೆಯಿಂದ ಮರಳುವಿಕೆಯೇ ಒಂದು ಮಾರಾಟದ ಸರಕಾಯಿತು. ಟೂಪಾಕ್ ಶಕೂರ್ 1995ರಲ್ಲಿ ನ್ಯೂಯಾರ್ಕ್ ರಾಜ್ಯದ ಸೆರೆಯಲ್ಲಿದ್ದಾಗಲೇ ಅವನ ಆಲ್ಬಮ್ ಅಮೆರಿಕದ ಮಾರಾಟ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಅದೇ ವರ್ಷದ ಅಕ್ಟೋಬರಿನಲ್ಲಿ 14 ಲಕ್ಷ ಡಾಲರುಗಳ ಜಾಮೀನಿನ ಮೇಲೆ ಹೊರಬಂದ ಅವನು ಡೆತ್ ರೋ ಕಂಪನಿಯ ಕರಾರಿಗೆ ಒಳಪಟ್ಟಿದ್ದ; 1996ರ ಫೆಬ್ರವರಿಯಲ್ಲಿ ಎರಡು ತಟ್ಟೆಗಳ ‘ಆಲ್ ಐಸ್ ಆನ್ ಮಿ’ ಹೊರಬಂದಿತು. ಏಳು ತಿಂಗಳ ನಂತರ ಅವನು ಗುಂಡೇಟಿಗೆ ಬಲಿಯಾದ. ಅಟ್ಲಾಂಟಾದ ಗುಚ್ಚಿ ಮೇನ್ 2016ರ ಮೇ ತಿಂಗಳಿನಲ್ಲಿ ಬಿಡುಗಡೆಯಾಗಿ ಜುಲೈನಲ್ಲಿಯೇ ಹೊಸ ಆಲ್ಬಮ್ ತಂದ. ಮರುವರ್ಷ ಆತ್ಮಕಥೆಯೂ ಪ್ರಕಟವಾಯಿತು. ಮೈ ಕರಗಿ, ಕುಡಿತ ಬಿಟ್ಟು, ಶಿಸ್ತು ಕಲಿತು ಬಂದವನೆಂಬ ಚಿತ್ರವೇ ಆ ಹಾಡುಗಳ ಪ್ರಚಾರವಾಯಿತು. ಈ ಇಬ್ಬರ ಪ್ರತಿಭೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಇಬ್ಬರಲ್ಲಿಯೂ ಹಾಡಿನ ‘ನಾನು’ ಮತ್ತು ಪತ್ರಿಕೆಗಳ ಸುದ್ದಿಯ ‘ಅವನು’ ಒಬ್ಬನೇ ಎಂದು ಕೇಳುಗರು ಒಪ್ಪಿಕೊಂಡ ಮೇಲೆಯೇ ಕೃತಿಯ ವ್ಯವಹಾರ ಆರಂಭವಾಗುತ್ತದೆ. ಸ್ಲಿಕ್ ರಿಕ್‌ನ ದಾರಿ ಬೇರೆ.

ರಿಚರ್ಡ್ ವಾಲ್ಟರ್ಸ್ ಎಂಬುದು ಅವನ ನಿಜನಾಮ. ಜಮೈಕಾದಿಂದ ವಲಸೆ ಬಂದ ತಂದೆತಾಯಿಗಳಿಗೆ 1965ರಲ್ಲಿ ಲಂಡನ್ನಿನ ಮಿಚಮ್ ಭಾಗದಲ್ಲಿ ಹುಟ್ಟಿದ. ಕೂಸಾಗಿದ್ದಾಗಲೇ ಗಾಜಿನ ಚೂರು ತಾಗಿ ಬಲಗಣ್ಣು ಹೋಯಿತು. ಆ ಕಣ್ಣಿನ ಮೇಲಿನ ಪಟ್ಟಿ ಮುಂದೆ ಅವನ ವೇಷದ ಭಾಗವೇ ಆಯಿತು. ಬಾಲ್ಯದಲ್ಲಿ ಕುಟುಂಬದೊಡನೆ ನ್ಯೂಯಾರ್ಕಿನ ಬ್ರಾಂಕ್ಸ್‌ಗೆ ಬಂದ. ಅಲ್ಲಿಯ ಹುಡುಗರ ನಡುವೆ ಅವನ ಇಂಗ್ಲಿಷು ಲಂಡನ್ನಿನ ರಾಗದ್ದು. ಪರಭಾಷಾ ಪ್ರದೇಶದಲ್ಲಿ ಬೆಳೆದ ನಮ್ಮ ಮಕ್ಕಳು ಊರಿಗೆ ಹೋದಾಗ ಅವರ ಉಚ್ಚಾರಣೆಯನ್ನು ಹಿಡಿದು ನಗುವವರಿರುತ್ತಾರಷ್ಟೆ; ಈ ಹುಡುಗ ತನ್ನ ಉಚ್ಚಾರಣೆಯನ್ನೇ ಬಂಡವಾಳವಾಗಿಸಿಕೊಂಡ. ಕಲಾಶಾಲೆಯಲ್ಲಿ ಚಿತ್ರಕಲೆ ಓದಿದ. 1985ರಲ್ಲಿ ಡಗ್ ಇ. ಫ್ರೆಶ್‌ನೊಂದಿಗೆ ಹೊರತಂದ ‘ಲಾ ಡಿ ಡಾ ಡಿ’ ಅವನನ್ನು ಪ್ರಸಿದ್ಧಿಗೆ ತಂದಿತು. ಅದರಲ್ಲಿ ವಾದ್ಯವಿಲ್ಲ; ಡಗ್ ಇ. ಫ್ರೆಶ್ ಬಾಯಿಯಿಂದಲೇ ತಾಳ ನುಡಿಸುತ್ತಾನೆ, ರಿಕ್ ಒಂದು ದಿನದ ಕಥೆ ಹೇಳುತ್ತಾನೆ. ಬೆಳಗ್ಗೆ ಎದ್ದು ಸಿಂಗರಿಸಿಕೊಂಡು ಹೊರಟ ಶೋಕಿಲಾಲನಿಗಾಗಿ ತಾಯಿ ಮಗಳು ಕಚ್ಚಾಡುವ ಹಾಸ್ಯಕಥೆ ಅದು. ಹೆಂಗಸರ ಮಾತುಗಳೂ ಅವನ ಕಂಠದ್ದೇ.

ಈ ಬಹುಕಂಠವೇ ಅವನ ಕಲೆಯ ಮೂಲದ್ರವ್ಯ. 1988ರಲ್ಲಿ ಡೆಫ್ ಜ್ಯಾಮ್ ಕಂಪನಿಯಿಂದ ಬಂದ ‘ದಿ ಗ್ರೇಟ್ ಅಡ್ವೆಂಚರ್ಸ್ ಆಫ್ ಸ್ಲಿಕ್ ರಿಕ್’ ಆಲ್ಬಮ್ಮಿನಲ್ಲಿ ಅವನು ತನ್ನ ದನಿಯನ್ನೇ ಬೇರೆಬೇರೆ ಪದರಗಳಲ್ಲಿ ಮುದ್ರಿಸಿ ತನ್ನೊಡನೆ ತಾನೇ ಸಂಭಾಷಿಸುತ್ತಾನೆ. ಹರಿಕಥೆಯ ದಾಸರು ಒಂದೇ ಪೀಠದಲ್ಲಿ ನಿಂತು ದ್ರೌಪದಿಯೂ ದುಶ್ಶಾಸನನೂ ಆಗುವುದನ್ನು ಕಂಡವರಿಗೆ ಇದರ ರುಚಿ ಸುಲಭವಾಗಿ ಹತ್ತುತ್ತದೆ. ದಾಸರಿಗೆ ಮುಖವಿದೆ, ಕೈಯಿದೆ, ಚಿಟಿಕೆಯಿದೆ. ಇಲ್ಲಿ ದನಿಯೊಂದೇ ಎಲ್ಲವನ್ನೂ ಮಾಡಬೇಕು. ರಿಕ್ ದನಿ ಎತ್ತುವುದು ತೀರಾ ಕಡಿಮೆ. ಅರಚುವ ಗಾಯಕರ ಆ ಕಾಲದಲ್ಲಿ ಅವನು ಬಹುತೇಕ ಪಿಸುಮಾತಿನ ಅಂಚಿನಲ್ಲಿ, ಸಾಲಿನ ಕೊನೆಯನ್ನು ಎಳೆದು, ಅರ್ಧ ಹಾಡಿ ಅರ್ಧ ನುಡಿದು ಕಥೆ ನಡೆಸುತ್ತಾನೆ. ಕೊಲೆಯನ್ನೂ ಚಹಾ ಕುಡಿದಂತೆ ಹೇಳುವ ಈ ನಿರ್ಲಿಪ್ತತೆ ಅವನ ಮುಖ್ಯ ಅಲಂಕಾರ.

ಈ ಆಲ್ಬಮ್ಮಿನ ‘ಚಿಲ್ಡ್ರನ್ಸ್ ಸ್ಟೋರಿ’ಯನ್ನು ನಾವು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ಮಲಗುವ ಹೊತ್ತು, ಮಕ್ಕಳು ಮಾವನನ್ನು ಕಥೆ ಕೇಳುತ್ತಾರೆ. ಅವನು ಅಜ್ಜಿಕಥೆಯ ಧಾಟಿಯಲ್ಲಿಯೇ ಆರಂಭಿಸುತ್ತಾನೆ. ಕಥೆಯಲ್ಲೊಬ್ಬ ಹುಡುಗ, ಇನ್ನೊಬ್ಬನ ಮಾತು ಕೇಳಿ ದರೋಡೆಗಿಳಿಯುತ್ತಾನೆ, ರುಚಿ ಹತ್ತುತ್ತದೆ, ಮಫ್ತಿಯಲ್ಲಿದ್ದ ಪೊಲೀಸನ ಕೈಗೆ ಸಿಕ್ಕಿ ತಪ್ಪಿಸಿಕೊಂಡು ಓಡುತ್ತಾನೆ. ಅಲ್ಲಿಂದ ಕಥೆ ಬೆನ್ನಟ್ಟುವಿಕೆಯದು. ಬಂದೂಕು, ಕಾರು, ಅಪಘಾತ, ಗರ್ಭಿಣಿಯೊಬ್ಬಳನ್ನು ಒತ್ತೆಯಾಗಿ ಹಿಡಿದು ಮತ್ತೆ ಬಿಟ್ಟುಬಿಡುವುದು, ಕೊನೆಗೆ ಪೊಲೀಸರ ಗುಂಡು. ಸತ್ತಾಗ ಅವನಿಗೆ ಹದಿನೇಳು. ಮಾವ ನೀತಿ ಹೇಳಿ ಮಕ್ಕಳನ್ನು ಮಲಗಿಸುತ್ತಾನೆ.

ಕಥೆಯ ಚೌಕಟ್ಟನ್ನು ಗಮನಿಸಿ. ರಿಕ್ ಎಂಬ ಗಾಯಕ, ಅವನು ಕಲ್ಪಿಸಿದ ಮಾವ, ಆ ಮಾವ ಹೇಳುವ ಹುಡುಗ, ಆ ಹುಡುಗನ ಬಾಯಿಯ ಮಾತು ಹೀಗೆ ನಾಲ್ಕು ಹಂತಗಳಿವೆ. ಮಾವನ ನೀತಿಬೋಧೆಯೂ ನಂಬಿಕೆಗೆ ಅರ್ಹವೆಂದು ನಾವು ತಿಳಿಯಬೇಕಾಗಿಲ್ಲ. ಬೆನ್ನಟ್ಟುವಿಕೆಯನ್ನು ವರ್ಣಿಸುವಾಗ ಅವನಿಗೆ ಸಿಗುವ ಉತ್ಸಾಹ ನೀತಿ ಹೇಳುವಾಗ ಇಲ್ಲ. ಮಕ್ಕಳನ್ನು ಮಲಗಿಸಲು ಹೇಳುವ ಕಥೆಯೇ ಇದು ಎಂಬ ವಿಡಂಬನೆಯೂ ಅಲ್ಲಿದೆ. ಬ್ರಾಂಕ್ಸ್‌ನ ಮಕ್ಕಳಿಗೆ ಅಜ್ಜಿಕಥೆಯ ರಾಕ್ಷಸನ ಸ್ಥಾನದಲ್ಲಿ ಪೊಲೀಸನೂ ಬಂದೂಕೂ ಬಂದಿವೆ ಎಂಬುದನ್ನು ಹಾಡು ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ. ವ್ಯಂಗ್ಯಾರ್ಥವೆಂದರೆ ಇದೇ.

ಇನ್ನು ಜೀವನದ ಘಟನೆ. 1990ರ ಜುಲೈಯಲ್ಲಿ ರಿಕ್ ತನ್ನ ಸೋದರಸಂಬಂಧಿಯೊಬ್ಬನ ಮೇಲೆ ಗುಂಡು ಹಾರಿಸಿದ. ಹಿಂದೆ ತನ್ನ ಅಂಗರಕ್ಷಕನಾಗಿದ್ದವನು ಅವನು. ಅವನಿಗೂ ದಾರಿಹೋಕನೊಬ್ಬನಿಗೂ ಗಾಯವಾಯಿತು. ಪೊಲೀಸರು ಬೆನ್ನಟ್ಟಿದರು, ಕಾರು ಅಪಘಾತಕ್ಕೀಡಾಯಿತು. ಕೊಲೆಯತ್ನದ ಆರೋಪವನ್ನು ಅವನು ಒಪ್ಪಿಕೊಂಡ; ಐದು ವರ್ಷ ಸೆರೆಯಲ್ಲಿ ಕಳೆದು 1996ರಲ್ಲಿ ಹೊರಬಂದ.

ಹಾಡಿಗೂ ಘಟನೆಗೂ ಇರುವ ಹೋಲಿಕೆ ಯಾರ ಕಣ್ಣಿಗಾದರೂ ಬೀಳುತ್ತದೆ. ಅಂದಿನಿಂದ ಇಂದಿನವರೆಗೆ ಆ ಹಾಡನ್ನು ಭವಿಷ್ಯವಾಣಿಯೆಂದು ವರ್ಣಿಸುವ ಬರಹಗಳಿಗೆ ಕೊರತೆಯಿಲ್ಲ. ಹಾಗೆ ಬರೆಯುವವರ ಉದ್ದೇಶ ಸಹಾನುಭೂತಿಯದೇ. ಆದರೂ ಈ ಓದು ಕೃತಿಯನ್ನು ಕೆಡಿಸುತ್ತದೆ ಎಂಬುದು ನಮ್ಮ ಅಭಿಪ್ರಾಯ. ಹಾಡಿನ ಹುಡುಗನನ್ನು ರಿಕ್ ಎಂದು ಗುರುತಿಸಿದ ಕೂಡಲೇ ಮಾವ ಮಾಯವಾಗುತ್ತಾನೆ, ಮಕ್ಕಳು ಮಾಯವಾಗುತ್ತಾರೆ, ವಿಡಂಬನೆ ಸತ್ತುಹೋಗುತ್ತದೆ. ನಾಲ್ಕು ಹಂತಗಳ ಕಥನ ಒಂದು ಸುದ್ದಿಯ ತುಣುಕಾಗುತ್ತದೆ.

ಇಲ್ಲಿ ನಮ್ಮ ಆಲಂಕಾರಿಕರ ಕಡೆ ತಿರುಗಬಹುದು. ಅರ್ಥಶಕ್ತಿಮೂಲ ಧ್ವನಿಯನ್ನು ವಿವರಿಸುವಾಗ ಆನಂದವರ್ಧನನು ಕವಿಯ ಪ್ರೌಢೋಕ್ತಿಯನ್ನೂ ಕವಿ ನಿರ್ಮಿಸಿದ ವಕ್ತೃವಿನ ಪ್ರೌಢೋಕ್ತಿಯನ್ನೂ ಬೇರೆಬೇರೆಯಾಗಿ ಹೆಸರಿಸುತ್ತಾನೆ. ಮಮ್ಮಟನು ಈ ಭೇದವನ್ನು ಉಳಿಸಿಕೊಂಡು ತನ್ನ ವರ್ಗೀಕರಣದಲ್ಲಿ ನೆಲೆಗೊಳಿಸಿದ. ಬಹಳ ನಂತರ ಬಂದ ಜಗನ್ನಾಥ ಪಂಡಿತನು ವಕ್ತೃವೂ ಕವಿಯ ಪ್ರತಿಭೆಯ ಸೃಷ್ಟಿಯೇ ಆದ್ದರಿಂದ ಇವನ್ನು ಎರಡಾಗಿ ಎಣಿಸಬೇಕಿಲ್ಲವೆಂದ. ತರಗತಿಯಲ್ಲಿ ಇದನ್ನು ಕೂದಲು ಸೀಳುವ ಚರ್ಚೆಯೆಂದು ಬದಿಗೆ ಸರಿಸುವುದೇ ಹೆಚ್ಚು. ಅಮೆರಿಕದ ನ್ಯಾಯಾಲಯಗಳಲ್ಲಿ ಈ ಕೂದಲಿನ ತುದಿಗೆ ಮನುಷ್ಯರ ಆಯುಷ್ಯ ತೂಗುತ್ತಿದೆ. ಅಲ್ಲಿಯ ಸರ್ಕಾರಿ ವಕೀಲರು ‘ರಸಗಂಗಾಧರ’ವನ್ನು ಓದಿದವರಲ್ಲ, ಓದಿದ್ದರೆ ತಪ್ಪಾಗಿ ಉಲ್ಲೇಖಿಸುತ್ತಿದ್ದರು. ಏಕೆಂದರೆ ಜಗನ್ನಾಥನು ಎರಡನ್ನೂ ಕವಿಪ್ರತಿಭೆಯಲ್ಲಿ ಒಂದುಗೂಡಿಸಿದರೆ, ಅವರು ಎರಡನ್ನೂ ಕವಿಯ ಕೃತ್ಯದಲ್ಲಿ ಒಂದುಗೂಡಿಸುತ್ತಾರೆ.

ಉತ್ಪ್ರೇಕ್ಷೆಯೆನಿಸದಂತೆ ಎರಡು ಪ್ರಕರಣಗಳನ್ನು ಹೆಸರಿಸುತ್ತೇವೆ. ಲೂಯಿಸಿಯಾನಾದ ರ‍್ಯಾಪ್ ಗಾಯಕ ಮ್ಯಾಕ್ ಫಿಪ್ಸ್ ಮೇಲೆ 2001ರಲ್ಲಿ ನಡೆದ ವಿಚಾರಣೆಯಲ್ಲಿ ಅವನ ಎರಡು ಬೇರೆ ಹಾಡುಗಳ ಸಾಲುಗಳನ್ನು ಒಂದಕ್ಕೊಂದು ಹೊಲಿದು ನ್ಯಾಯದರ್ಶಿಗಳ ಮುಂದೆ ಇಡಲಾಯಿತು. ಮೂವತ್ತು ವರ್ಷಗಳ ಶಿಕ್ಷೆಯಾಯಿತು. ರಾಜ್ಯಪಾಲರ ದಯಾನಿರ್ಧಾರದ ನಂತರ 2021ರಲ್ಲಿ ಪೆರೋಲ್ ಮೇಲೆ ಹೊರಬರುವ ಹೊತ್ತಿಗೆ ಸುಮಾರು ಎರಡು ದಶಕ ಕಳೆದಿತ್ತು. ಅಟ್ಲಾಂಟಾದಲ್ಲಿ ಯಂಗ್ ಥಗ್ ವಿಚಾರಣೆಯಲ್ಲಿ 2023ರ ನವೆಂಬರಿನಲ್ಲಿ ನ್ಯಾಯಾಧೀಶರು ಹಾಡಿನ ಸಾಲುಗಳನ್ನು ಷರತ್ತಿನ ಮೇಲೆ ಸಾಕ್ಷ್ಯವಾಗಿ ಒಪ್ಪಿದರು. 2024ರ ಅಕ್ಟೋಬರ್ 31ರಂದು ಅವನು ತಪ್ಪೊಪ್ಪಿಕೊಂಡು ಹೊರಬಂದ. ಇಂಥ ಬಳಕೆಗೆ ಕಡಿವಾಣ ಹಾಕುವ ಕಾನೂನಿಗೆ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2022ರಲ್ಲಿ ಅಂಕಿತ ಬಿದ್ದಿದೆ. ತಾಳಮದ್ದಲೆಯಲ್ಲಿ ಕೌರವನ ಅರ್ಥ ಹೇಳಿದವನ ಮೇಲೆ ಅರಗಿನ ಮನೆ ಸುಟ್ಟ ಆರೋಪ ಹೊರಿಸಿದರೆ ನಾವು ನಕ್ಕೇವು. ಕಪ್ಪು ಹುಡುಗನ ಬಾಯಲ್ಲಿ ಬಂದ ‘ನಾನು’ ಮಾತ್ರ ಕಲ್ಪಿತವಾಗಿರಲಾರದೆಂಬ ನಂಬಿಕೆ ಅಷ್ಟು ಗಟ್ಟಿಯಾಗಿದೆ. ‘ಚಿಲ್ಡ್ರನ್ಸ್ ಸ್ಟೋರಿ’ಯನ್ನು ಭವಿಷ್ಯವಾಣಿಯೆನ್ನುವ ವಿಮರ್ಶಕನೂ ಅದೇ ನಂಬಿಕೆಯಿಂದ, ಮೃದುವಾದ ದನಿಯಲ್ಲಿ, ಮಾತನಾಡುತ್ತಿರುತ್ತಾನೆ.

ಸೆರೆಯ ಅವಧಿಗೆ ಸಂಬಂಧಿಸಿದ ಎರಡು ಆಲ್ಬಮ್‌ಗಳನ್ನು ಈಗ ನೋಡೋಣ. ಜಾಮೀನಿನ ಮೇಲೆ ಹೊರಗಿದ್ದ ಕೆಲವೇ ವಾರಗಳಲ್ಲಿ ಮುದ್ರಿಸಿದ ‘ದಿ ರೂಲರ್ಸ್ ಬ್ಯಾಕ್’ 1991ರಲ್ಲಿ ಬಂತು. ಕೇಳಿದವರಿಗೆ ಮೊದಲು ತಟ್ಟುವುದು ಅದರ ಅವಸರ. ಆಯಾಸವಿಲ್ಲದೆ ಎಳೆದು ನುಡಿಯುತ್ತಿದ್ದ ದನಿ ಇಲ್ಲಿ ತಾಳದ ಹಿಂದೆ ಓಡುತ್ತದೆ; ಪಾತ್ರಗಳಿಗೆ ಉಸಿರಾಡಲು ಬಿಡುವಿಲ್ಲ. ಸೆರೆಯ ಬಾಗಿಲು ತನಗಾಗಿ ಕಾದಿದೆಯೆಂದು ಅವನು ಹಾಡಿನಲ್ಲಿ ಹೇಳಿಕೊಳ್ಳುವುದಿಲ್ಲ. ಆದರೆ ಲಯ ಅದನ್ನು ಹೇಳಿಬಿಡುತ್ತದೆ. ಕಥೆಗಾರನಿಗೆ ಬೇಕಾದ ಮೊದಲ ಸಂಪತ್ತು ಪುರುಸೊತ್ತು, ಅದೇ ಅವನಲ್ಲಿರಲಿಲ್ಲ. 1994ರ ‘ಬಿಹೈಂಡ್ ಬಾರ್ಸ್’ ಅವನಿನ್ನೂ ಶಿಕ್ಷೆ ಅನುಭವಿಸುತ್ತಿದ್ದಾಗ ಬಂದದ್ದು. ಹಗಲು ಹೊರಗೆ ದುಡಿಯಲು ಬಿಡುವ ಸಡಿಲಿಕೆಯ ಕಾಲದಲ್ಲಿ ಮುದ್ರಿಸಿದ ಹಾಡುಗಳಿಗೆ ಬೇರೆಬೇರೆ ಕೈಗಳು ಹಿನ್ನೆಲೆ ಜೋಡಿಸಿದವು. ಶೀರ್ಷಿಕೆಯೇ ಕಂಬಿಗಳ ಹಿಂದಿನಿಂದ ಎಂದು ಸಾರುತ್ತದೆ. ಕಂಪನಿಗೆ ಬೇಕಾಗಿದ್ದದ್ದೂ ಅದೇ. ಲೆಡ್‌ಬೆಲಿಗೆ ತೊಡಿಸಿದ ಪಟ್ಟೆ ಉಡುಪನ್ನು ಇಲ್ಲಿ ಶೀರ್ಷಿಕೆಗೆ ತೊಡಿಸಲಾಗಿದೆ. ಶೀರ್ಷಿಕೆಯ ಹಾಡಿನಲ್ಲಿ ಸೆರೆಯ ದಿನಚರಿಯ ವಿವರಗಳಿವೆ, ಭಯವಿದೆ. ಹಾಗಿದ್ದೂ ಅದು ರಿಕ್‌ನ ಉತ್ತಮ ಹಾಡುಗಳ ಸಾಲಿಗೆ ಸೇರುವುದಿಲ್ಲ. ‘ನಾನು’ ಎಂದರೆ ನಾನೇ ಎಂದು ಹೇಳಬೇಕಾಗಿ ಬಂದಾಗ ಈ ಗಾಯಕನಿಗೆ ಮಾತು ಬಡವಾಗುತ್ತದೆ. ಅನುಭವದ ಅಧಿಕೃತತೆಯೊಂದೇ ಕೃತಿಯನ್ನು ಎತ್ತಲಾರದು ಎಂಬುದಕ್ಕೆ ನಮ್ಮ ದಲಿತ ಆತ್ಮಕಥನಗಳ ಚರ್ಚೆಯಲ್ಲೂ ಎಚ್ಚರದ ಮಾತುಗಳು ಬಂದಿವೆ. ಅಲ್ಲಿಯ ಸಂದರ್ಭ ಬೇರೆಯಾದ್ದರಿಂದ ಹೋಲಿಕೆಯನ್ನು ಮುಂದುವರಿಸುವುದಿಲ್ಲ.

ಅವನು ಒಳಗಿದ್ದಾಗ ಹೊರಗೆ ನಡೆದದ್ದು ಇನ್ನೂ ಕುತೂಹಲಕರವಾಗಿದೆ. 1993ರಲ್ಲಿ ಸ್ನೂಪ್ ಡಾಗ್ ತನ್ನ ಮೊದಲ ಆಲ್ಬಮ್ಮಿನಲ್ಲಿ ‘ಲಾ ಡಿ ಡಾ ಡಿ’ಯನ್ನು ಪಶ್ಚಿಮ ತೀರದ ರಾಗಕ್ಕೆ ಹೊಂದಿಸಿ ಮತ್ತೆ ಹಾಡಿದ. 1995ರಲ್ಲಿ ಮಾಂಟೆಲ್ ಜೋರ್ಡನ್ ಎಂಬ ಗಾಯಕ ‘ಚಿಲ್ಡ್ರನ್ಸ್ ಸ್ಟೋರಿ’ಯ ತಾಳವನ್ನು ಆಧಾರವಾಗಿಸಿಕೊಂಡು ಉತ್ಸವದ ಹಾಡೊಂದನ್ನು ಕಟ್ಟಿದ, ಅದು ಅಮೆರಿಕದ ಹಾಡುಗಳ ಪಟ್ಟಿಯ ತುದಿಯಲ್ಲಿ ಏಳು ವಾರ ನಿಂತಿತು. ಹಳೆಯ ಮುದ್ರಿಕೆಯ ತುಣುಕಿನ ಮೇಲೆ ಹೊಸ ಹಾಡು ಕಟ್ಟುವುದು ಈ ಪರಂಪರೆಯ ಸಹಜ ಕ್ರಮ. ರಿಕ್‌ನ ಆ ಹಾಡೂ ಬಾಬ್ ಜೇಮ್ಸ್‌ನ ‘ನಾಟಿಲಸ್’ ಎಂಬ ವಾದ್ಯಕೃತಿಯ ಮೇಲೆ ನಿಂತದ್ದೇ. 1997ರಲ್ಲಿ ನಟೋರಿಯಸ್ ಬಿ.ಐ.ಜಿ.ಯ ‘ಹಿಪ್ನಟೈಸ್’ ಮತ್ತೆ ‘ಲಾ ಡಿ ಡಾ ಡಿ’ಯಿಂದಲೇ ಪಲ್ಲವಿ ಪಡೆಯಿತು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಅವನ ಮಟ್ಟುಗಳು ಜನಪದವಾಗತೊಡಗಿದ್ದವು. ಕರ್ತೃ ಬಂದಿಯಾಗಿದ್ದಾಗ ಕೃತಿ ಮಾತ್ರ ಊರೂರು ಅಲೆಯುತ್ತಿತ್ತು. ಬಿಡುಗಡೆಯಾದವನಿಗೆ ಇದು ಆಸರೆಯೂ ಹೌದು, ತೊಡಕೂ ಹೌದು. ತನ್ನ ಹಾಡಿನ ಮಕ್ಕಳು ಮರಿಮಕ್ಕಳು ತನಗಿಂತ ಪ್ರಸಿದ್ಧರಾಗಿರುವ ಲೋಕಕ್ಕೆ ಅವನು ಮರಳಬೇಕಿತ್ತು.

1999ರ ಮೇ ತಿಂಗಳಿನಲ್ಲಿ ಬಂದ ಆಲ್ಬಮ್ಮಿಗೆ ಅವನು ಕೊಟ್ಟ ಹೆಸರು ‘ದಿ ಆರ್ಟ್ ಆಫ್ ಸ್ಟೋರಿಟೆಲಿಂಗ್’. ಕಥೆ ಹೇಳುವ ಕಲೆ ಎಂದರ್ಥ. ಐದು ವರ್ಷ ಹಿಂದಿನ ‘ಬಿಹೈಂಡ್ ಬಾರ್ಸ್’ ಪಕ್ಕದಲ್ಲಿ ಈ ಹೆಸರನ್ನಿಟ್ಟು ನೋಡಬೇಕು. ಅಲ್ಲಿ ಸ್ಥಳದ ಹೆಸರಿದೆ, ಇಲ್ಲಿ ಕಸುಬಿನ ಹೆಸರಿದೆ. ಹಾಡುಗಳಲ್ಲಿಯೂ ಸೆರೆಯ ಯಾತನೆ ಕೇಂದ್ರವಸ್ತುವಲ್ಲ. ಶೋಕಿಲಾಲ ಮರಳಿದ್ದಾನೆ, ಜಂಬ ಮರಳಿದೆ, ಎಳೆದು ನುಡಿಯುವ ಆ ಸೋಮಾರಿ ಲಯ ಮರಳಿದೆ. ನಾಸ್, ಔಟ್‌ಕಾಸ್ಟ್, ರೇಕ್ವಾನ್, ಸ್ನೂಪ್ ಡಾಗ್ ಮೊದಲಾದ ಕಿರಿಯರು ಜೊತೆಗಿದ್ದಾರೆ. ಅತಿಥಿಗಳನ್ನು ತುಂಬಿಸಿ ಹಳೆಯ ಹೆಸರನ್ನು ಮಾರುವುದು ಆ ಉದ್ಯಮದ ಹಳೆಯ ಉಪಾಯ. ಇಲ್ಲಿಯೂ ಅದು ಸ್ವಲ್ಪ ಇದೆ. ಆದರೆ ನಾಸ್‌ನೊಂದಿಗಿನ ಹಾಡಿನಲ್ಲಿ ಕಿರಿಯನು ಬಿಗಿಯಾಗಿ, ದಟ್ಟವಾಗಿ, ಒತ್ತಿ ನುಡಿಯುತ್ತಿರುವಾಗ ಹಿರಿಯನು ತುಟಿಯಂಚಿನಲ್ಲಿ ನಕ್ಕು ಸಾಲನ್ನು ಜಾರಿಸುವುದನ್ನು ಕೇಳಿದರೆ ಯಾರ ಕಸುಬು ಯಾರಿಂದ ಬಂತೆಂಬುದು ತಿಳಿಯುತ್ತದೆ. ಆಲ್ಬಮ್ ಮಾರಾಟ ಪಟ್ಟಿಯಲ್ಲಿ ಎಂಟನೆಯ ಸ್ಥಾನ ಪಡೆಯಿತು. ಪಶ್ಚಾತ್ತಾಪದ ಹಾಡನ್ನು ನಿರೀಕ್ಷಿಸಿದವರಿಗೆ ಇದರಲ್ಲಿ ದೊರೆಯುವುದು ಅಲ್ಪ. ಆ ಅಲ್ಪತೆಯನ್ನೇ ನಾವು ಕೃತಿಯ ಧೈರ್ಯವೆಂದು ಓದುತ್ತೇವೆ. ಶಿಕ್ಷೆಯನ್ನು ನ್ಯಾಯಾಲಯಕ್ಕೆ ಸಲ್ಲಿಸಿಯಾಗಿದೆ. ಅದನ್ನು ಮತ್ತೆ ಕೇಳುಗನಿಗೂ ಕಂತಿನಲ್ಲಿ ಸಲ್ಲಿಸಬೇಕೆಂಬ ಬೇಡಿಕೆಗೆ ಅವನು ಮಣಿದಿಲ್ಲ.

ಇದಕ್ಕೆ ಬರಬಹುದಾದ ಆಕ್ಷೇಪಗಳು ಹಗುರವಾದವಲ್ಲ. ಗುಂಡೇಟು ತಿಂದವರು ಕಲ್ಪಿತ ಪಾತ್ರಗಳಲ್ಲ. ಕವಿ ಮತ್ತು ವಕ್ತೃವಿನ ಭೇದವನ್ನು ಹಿಡಿದು ಕೃತ್ಯವನ್ನು ತೊಳೆಯಲು ಸಾಧ್ಯವಿಲ್ಲ, ತೊಳೆಯಬಾರದು. ನಾವು ಹೇಳುತ್ತಿರುವುದು ಹಾಡಿನ ಮಾತು. ಎರಡನೆಯ ಆಕ್ಷೇಪ ಇನ್ನೂ ಒಳಗಿನದು. ಮೊದಲ ಆಲ್ಬಮ್ಮಿನಲ್ಲಿ ಹೆಣ್ಣನ್ನು ವೇಶ್ಯೆಯಂತೆ ಕಾಣಬೇಕೆಂದು ಶೀರ್ಷಿಕೆಯಲ್ಲೇ ಸಾರುವ ಹಾಡೊಂದಿದೆ. ಅದು ಮೋಸಹೋದ ಗಂಡಸೊಬ್ಬನ ಮಾತೇ ಹೊರತು ರಿಕ್‌ನ ಮಾತಲ್ಲವೆಂದು ವಾದಿಸಬಹುದು. ಈ ವಾದ ನಮಗೆ ಒಪ್ಪಿಗೆಯಿಲ್ಲ. ವಕ್ತೃಗಳು ಬದಲಾಗುತ್ತಿದ್ದರೂ ಹೆಣ್ಣಿನ ಬಗೆಗಿನ ತಿರಸ್ಕಾರ ಹಾಡಿನಿಂದ ಹಾಡಿಗೆ ಬದಲಾಗದೆ ಉಳಿದರೆ, ಅದು ಪಾತ್ರದ್ದಲ್ಲ, ಪಾತ್ರಗಳನ್ನು ಆಯ್ದ ಕೈಯದು. ಅಂತರವನ್ನು ಗೌರವಿಸುವ ವಿಮರ್ಶೆ ಅಂತರ ಎಲ್ಲಿ ಸುಳ್ಳಾಗುತ್ತದೆ ಎಂಬುದನ್ನೂ ಹೇಳಬೇಕಾಗುತ್ತದೆ. 1999ರ ಆಲ್ಬಮ್ ಕೂಡ ಈ ದೋಷದಿಂದ ಬಿಡುಗಡೆ ಪಡೆದಿಲ್ಲ. ಇನ್ನು, ಮರಳಿ ಕಟ್ಟಿಕೊಳ್ಳಲು ಅವನಿಗೆ ಹಳೆಯ ಕೀರ್ತಿಯ ಅಡಿಪಾಯವಿತ್ತು, ಕಂಪನಿಯ ಬೆಂಬಲವಿತ್ತು. ಫಿಪ್ಸ್‌ನಂಥವರಿಗೆ ಇಪ್ಪತ್ತು ವರ್ಷಗಳ ನಂತರ ಕಾದಿದ್ದ ಲೋಕದಲ್ಲಿ ಕ್ಯಾಸೆಟ್ಟೂ ಇರಲಿಲ್ಲ, ತಟ್ಟೆಯೂ ಇರಲಿಲ್ಲ.

ಆದರೂ ರಿಕ್‌ನ ಬಿಡುಗಡೆ 1996ರಲ್ಲಿ ಮುಗಿದ ಸಂಗತಿಯಾಗಿರಲಿಲ್ಲ. ಬಾಲ್ಯದಿಂದ ನ್ಯೂಯಾರ್ಕಿನಲ್ಲಿದ್ದರೂ ಅವನು ಅಮೆರಿಕದ ಪ್ರಜೆಯಾಗಿರಲಿಲ್ಲ. ಅದೇ ವರ್ಷ ಅಲ್ಲಿಯ ವಲಸೆ ಕಾನೂನು ಗಂಭೀರ ಅಪರಾಧಕ್ಕೆ ಶಿಕ್ಷೆಯಾದ ವಿದೇಶೀಯರ ವಿಷಯದಲ್ಲಿ ಇನ್ನಷ್ಟು ಕಠಿಣವಾಯಿತು. 2002ರಲ್ಲಿ ಕೆರಿಬಿಯನ್ ಸಮುದ್ರದಲ್ಲಿ ಪ್ರವಾಸಿ ಹಡಗೊಂದರ ಮೇಲೆ ಹಾಡಿ ಮಯಾಮಿಗೆ ಮರಳುತ್ತಿದ್ದಂತೆ ವಲಸೆ ಅಧಿಕಾರಿಗಳು ಅವನನ್ನು ಬಂಧಿಸಿದರು. ಹದಿನೇಳು ತಿಂಗಳು ಮತ್ತೆ ಒಳಗೆ. ಈ ಸಲ ಯಾವ ಹೊಸ ಅಪರಾಧವೂ ಇಲ್ಲ; ಹಳೆಯ ಶಿಕ್ಷೆಯೇ ಕಾರಣ. 2003ರ ನವೆಂಬರಿನಲ್ಲಿ ಹೊರಬಂದ. 2008ರ ಮೇ ತಿಂಗಳಿನಲ್ಲಿ ನ್ಯೂಯಾರ್ಕ್ ರಾಜ್ಯಪಾಲ ಡೇವಿಡ್ ಪ್ಯಾಟರ್ಸನ್ ಸಂಪೂರ್ಣ ಕ್ಷಮಾದಾನ ನೀಡಿದ ಮೇಲೆಯೇ ಗಡೀಪಾರಿನ ದಾರಿ ಮುಚ್ಚಿದ್ದು. ಲೆಡ್‌ಬೆಲಿಯ ದಂತಕಥೆಯಲ್ಲಿ ರಾಜ್ಯಪಾಲನ ಕ್ಷಮೆ ಹಾಡಿಗೆ ಸಿಕ್ಕ ಬಹುಮಾನ. ಇಲ್ಲಿ ಅದು ವಕೀಲರ, ಅರ್ಜಿಗಳ, ವರ್ಷಗಳ ಫಲ. 2016ರಲ್ಲಿ ಅವನು ಅಮೆರಿಕದ ಪ್ರಜೆಯಾದ. ಸೆರೆಯಿಂದ ಹೊರಬಂದು ಸಂಗೀತಕ್ಕೆ ಮರಳುವುದೆಂದರೆ ಹೊಸ ಹಾಡು ಬರೆಯುವುದಷ್ಟೇ ಎಂದು ತಿಳಿದವರು ಈ ಇಪ್ಪತ್ತು ವರ್ಷಗಳ ಕಾಗದಪತ್ರಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಊರಿಂದೂರಿಗೆ ಹೋಗಿ ಹಾಡಿ ಬದುಕುವವನಿಗೆ ಗಡಿ ದಾಟುವ ಹಕ್ಕು ಕಂಠದಷ್ಟೇ ಮುಖ್ಯವಾದ ಸಾಧನ.

2023ರಲ್ಲಿ ಗ್ರ್ಯಾಮಿ ಸಂಸ್ಥೆ ಅವನಿಗೆ ಜೀವಮಾನ ಸಾಧನೆಯ ಗೌರವ ನೀಡಿತು. ಹೊಸ ಆಲ್ಬಮ್ ಬಂದದ್ದು 2025ರ ಜೂನಿನಲ್ಲಿ, ಇಪ್ಪತ್ತಾರು ವರ್ಷಗಳ ನಂತರ, ಹೆಸರು ‘ವಿಕ್ಟರಿ’. ಅದರ ಹಿಂದೆ ನಿಂತವನು ಲಂಡನ್ ಮೂಲದ ನಟ ಇದ್ರಿಸ್ ಎಲ್ಬಾ. ನಾಸ್ ಮತ್ತೆ ಜೊತೆಗಿದ್ದಾನೆ. ಲಂಡನ್ನಿನ ರ‍್ಯಾಪ್ ಗಾಯಕ ಗಿಗ್ಸ್ ಕೂಡ ಇದ್ದಾನೆ. ಬ್ರಾಂಕ್ಸ್‌ನ ಹುಡುಗರ ನಡುವೆ ಬೇರೆಯಾಗಿ ಕೇಳಿಸುತ್ತಿದ್ದ ಆ ಉಚ್ಚಾರಣೆಗೆ ಅರವತ್ತರ ವಯಸ್ಸಿನಲ್ಲಿ ಹುಟ್ಟೂರಿ‌ನ ಜೊತೆಗಾರ ದೊರೆತಿದ್ದಾನೆ. ಹೆಸರಿನಲ್ಲಿರುವಷ್ಟು ವಿಜಯಘೋಷ ಹಾಡುಗಳಲ್ಲಿಲ್ಲ. ಹೆಚ್ಚಿನವು ಚಿಕ್ಕವು; ಕೆಲವು ಕಥೆಯಾಗುವ ಮೊದಲೇ ನಿಂತುಬಿಡುತ್ತವೆ, ಅದು ನಮಗೆ ಕೊರತೆಯಾಗಿಯೇ ಕಂಡಿದೆ. ದನಿ ಸ್ವಲ್ಪ ಒಣಗಿದೆ. ಆದರೆ ‘ಲ್ಯಾಂಡ್‌ಲಾರ್ಡ್’ ಎಂಬ ಹಾಡಿನಲ್ಲಿ ಮಾತನಾಡುವವನು ಕೈದಿಯಲ್ಲ, ಮಾಜಿ ಕೈದಿಯೂ ಅಲ್ಲ. ಬಾಡಿಗೆಯ ಲೆಕ್ಕ ಹಾಕುವ ಮನೆಯ ಮಾಲಿಕ.